ಹೇಳುವುದು ಚೀಫ್, ತೀರ್ಮಾನ ಸರ್ಕಾರದ್ದು

ಕೇಳುಗರೆಲ್ಲರಿಗೂ ನಮಸ್ಕಾರ.

ಇಂದು ಜನವರಿ 15, ಸೇನಾ ದಿನ. ನಾನು ಭೂಸೇನೆಯಲ್ಲಿ ಇಪ್ಪತ್ತೆಂಟು ವರ್ಷ ಕಳೆದು ಊರಿಗೆ ಬಂದವನು. ಈಗ ಆಗಾಗ ಶಾಲೆಗಳಿಗೆ ಹೋಗಿ ಮಕ್ಕಳ ಜೊತೆ ಮಾತಾಡುತ್ತೇನೆ. ಎಲ್ಲಿ ಹೋದರೂ ಒಂದು ಪ್ರಶ್ನೆ ಬಂದೇ ಬರುತ್ತದೆ. "ಆರ್ಮಿ ಚೀಫ್ ಹೇಳಿದ ಕೂಡಲೇ ಯುದ್ಧ ಶುರುವಾಗ್ತದಾ ಸರ್?" ಮಕ್ಕಳು ಕೇಳಲಿ, ಪರವಾಗಿಲ್ಲ. ಆದರೆ ದೊಡ್ಡವರೂ ಟಿವಿ ಮುಂದೆ ಕೂತು "ಚೀಫ್ ಮನಸ್ಸು ಮಾಡಿದ್ರೆ ಸಾಕಿತ್ತು" ಅನ್ನುತ್ತಾರಲ್ಲ, ಅದು ಕೇಳಿದರೆ ನನಗೆ ತಡೆಯಲಾಗುವುದಿಲ್ಲ. ಅವರ ಮನಸ್ಸೊಂದೇ ಸಾಕಾಗುವುದಿಲ್ಲ. ಸಾಕಾಗಲೂಬಾರದು.

ನಮ್ಮ ಕಾರವಾರದ ಬೈತಖೋಲ್ ಬಂದರಿನವರಿಗೆ ಇದು ಬೇಗ ಅರ್ಥವಾಗುತ್ತದೆ. ದೋಣಿಗೆ ಒಬ್ಬ ಮಾಲೀಕ, ಒಬ್ಬ ತಾಂಡೇಲ, ಅಂದರೆ ದೋಣಿ ನಡೆಸುವವನು. ಕಡಲು ಹೇಗಿದೆ, ಗಾಳಿ ಎತ್ತ ಬೀಸುತ್ತಿದೆ, ಇಂಜಿನ್ ಸರಿ ಇದೆಯಾ, ಇದನ್ನೆಲ್ಲ ತಾಂಡೇಲ ಹೇಳಬೇಕು. ಮಾಲೀಕನಿಗೆ ಇಷ್ಟವಾಗಲಿ ಬಿಡಲಿ, ಇದ್ದದ್ದು ಇದ್ದ ಹಾಗೆ ಹೇಳಬೇಕು. ದೋಣಿ ಕಳಿಸುವುದೋ ಬೇಡವೋ ಎನ್ನುವುದು ಮಾಲೀಕನಿಗೆ ಬಿಟ್ಟದ್ದು. ಒಮ್ಮೆ ಹೊರಟ ಮೇಲೆ ಚುಕ್ಕಾಣಿ ತಾಂಡೇಲನ ಕೈಯಲ್ಲಿ. ಸೇನಾ ಮುಖ್ಯಸ್ಥರೂ ಹಾಗೆಯೇ. ಹೇಳುವುದು ಅವರು, ತೀರ್ಮಾನ ಸರ್ಕಾರದ್ದು.

ಬ್ರಿಟಿಷರ ಕಾಲದಲ್ಲಿ ಹೀಗಿರಲಿಲ್ಲ. ಆಗಿನ ಹುದ್ದೆ ಕಮಾಂಡರ್ ಇನ್ ಚೀಫ್, ಅಂದರೆ ಮಹಾದಂಡನಾಯಕ. ವೈಸರಾಯ್ ಬಿಟ್ಟರೆ ಅವರದೇ ದರ್ಬಾರು. ಮೂರೂ ಪಡೆಗಳು ಅವರ ಕೈಕೆಳಗೆ. ವೈಸರಾಯ್ ಮಂಡಳಿಯಲ್ಲೂ ಒಂದು ಕುರ್ಚಿ. ದೆಹಲಿಯಲ್ಲಿ ಅವರು ಇರುತ್ತಿದ್ದ ಬಂಗಲೆಯೇ ಇಂದಿನ ತೀನ್ ಮೂರ್ತಿ ಭವನ. 1948ರಲ್ಲಿ ಅಲ್ಲಿಗೆ ನೆಹರೂ ವಾಸಕ್ಕೆ ಬಂದರು. ದಂಡನಾಯಕರ ಮನೆ ಪ್ರಧಾನಿಯ ಮನೆಯಾಯಿತು. ಎಂಥ ಬದಲಾವಣೆ ನೋಡಿ!

1949ರ ಜನವರಿ 15ರಂದು ಜನರಲ್ ಬುಚರ್ ಅವರಿಂದ ನಮ್ಮ ಕೊಡಗಿನ ಕಾರ್ಯಪ್ಪನವರು ಭೂಸೇನೆಯ ಮಹಾದಂಡನಾಯಕರಾಗಿ ಅಧಿಕಾರ ವಹಿಸಿಕೊಂಡರು. ಆ ಹುದ್ದೆಗೆ ಬಂದ ಮೊದಲ ಭಾರತೀಯರು ಅವರು. ಸೇನಾ ದಿನ ಬಂದದ್ದೇ ಅದರಿಂದ. 1955ರಲ್ಲಿ ಮಹಾದಂಡನಾಯಕ ಎಂಬ ಹೆಸರನ್ನೇ ತೆಗೆದು ಚೀಫ್ ಆಫ್ ದಿ ಆರ್ಮಿ ಸ್ಟಾಫ್ ಎಂದು ಮಾಡಿದರು. ಸಂವಿಧಾನದಲ್ಲಿ ಮೂರೂ ಪಡೆಗಳ ಪರಮಾಧಿಕಾರ ರಾಷ್ಟ್ರಪತಿಗಳಿಗೆ. ಹೆಸರು ಬದಲಿಸಿದ್ದು ಸುಮ್ನೆ ಅಲ್ಲ.

ಈಗ ಸೇನಾ ಮುಖ್ಯಸ್ಥರಾಗಿದ್ದ ಮಾಣೆಕ್ ಷಾ ಅವರ ಕತೆ. ಇದನ್ನು ನೂರು ಸಲ ಹೇಳಿದ್ದೇನೆ, ಇನ್ನೊಮ್ಮೆ ಹೇಳಲು ಸಂತೋಷವೇ. 1971ರ ಏಪ್ರಿಲ್. ಆಗ ಪೂರ್ವ ಪಾಕಿಸ್ತಾನವಾಗಿದ್ದ ಇಂದಿನ ಬಾಂಗ್ಲಾದೇಶದ ಕಡೆಯಿಂದ ನಿರಾಶ್ರಿತರು ತಂಡ ತಂಡವಾಗಿ ಗಡಿ ದಾಟಿ ಬರುತ್ತಿದ್ದರು. ಮಾಣೆಕ್ ಷಾ ಅವರೇ ಮುಂದೆ ಹೇಳಿಕೊಂಡ ಪ್ರಕಾರ, ಪ್ರಧಾನಿ ಇಂದಿರಾ ಗಾಂಧಿ ಮಂತ್ರಿಗಳ ಮುಂದೆಯೇ ಅವರನ್ನು ಕೇಳಿದರು, ಈಗಲೇ ಸೇನೆ ಒಳಗೆ ಹೋಗಬಹುದಾ ಎಂದು. ಇವರು ಆಗುವುದಿಲ್ಲ ಎಂದರು. ಯಾಕೆ? ಮಳೆಗಾಲ ಹತ್ತಿರ ಬಂದಿತ್ತು. ಆಷಾಢದ ಮಳೆಯಲ್ಲಿ ಕಾಳಿ, ಅಘನಾಶಿನಿ ಹೇಗಿರುತ್ತವೆ ಎಂದು ನಿಮಗೆ ನಾನು ಹೇಳಬೇಕಾ? ಅಲ್ಲಿಯ ನದಿಗಳು ಇವಕ್ಕಿಂತ ಎಷ್ಟೋ ಪಾಲು ದೊಡ್ಡವು. ಗದ್ದೆಯೆಲ್ಲ ಕೆಸರು. ಟ್ಯಾಂಕ್ ಎಲ್ಲಿಂದ ಹೋಗಬೇಕು? ಉತ್ತರದಲ್ಲಿ ಹಿಮ ಕರಗಿ ಚೀನಾ ಕಡೆಯ ಕಣಿವೆಗಳು ತೆರೆಯುವ ಹೊತ್ತು ಬೇರೆ. ಪಂಜಾಬಿನಲ್ಲಿ ಸುಗ್ಗಿ. ಧಾನ್ಯ ಸಾಗಿಸಬೇಕಾದ ರೈಲುಗಳನ್ನು ಸೇನೆಯೇ ಹಿಡಿದರೆ ಜನ ಏನು ತಿನ್ನಬೇಕು? ಬೇಕಿದ್ದರೆ ರಾಜೀನಾಮೆ ಕೊಡುತ್ತೇನೆ ಎಂದರಂತೆ. ಪ್ರಧಾನಿ ಕಾಲಾವಕಾಶ ಕೊಟ್ಟರು. ಡಿಸೆಂಬರ್ 3ಕ್ಕೆ ಯುದ್ಧ ಶುರು, 16ಕ್ಕೆ ಢಾಕಾದಲ್ಲಿ ಪಾಕಿಸ್ತಾನ ಸೇನೆಯ ಶರಣಾಗತಿ. ಸುಮಾರು 93,000 ಮಂದಿ ಸೆರೆಯಾದರು.

ಇಲ್ಲಿ ಗಮನಿಸಿ. ಅವರು ಹಿಂದಿನಿಂದ ಆಟ ಕಟ್ಟಲಿಲ್ಲ, ಪತ್ರಿಕೆಗೆ ಹೋಗಲಿಲ್ಲ. ಎದುರಿಗೇ ಹೇಳಿದರು. ಒಪ್ಪಿಗೆ ಸಿಕ್ಕ ಮೇಲೆ ಮಾಡಿ ತೋರಿಸಿದರು. ಹೇಳುವುದು ಅವರು, ತೀರ್ಮಾನ ಸರ್ಕಾರದ್ದು. ಇದನ್ನು ಎಷ್ಟು ಸಲ ಹೇಳಿದರೂ ಜಾಸ್ತಿಯಲ್ಲ.

ಸಮಯ ಮುಗಿಯುತ್ತಾ ಬಂತು. ಉಳಿದದ್ದು ಬೇಗ ಹೇಳುತ್ತೇನೆ. ಚೀಫ್ ಅವಧಿ ಮೂರು ವರ್ಷ ಅಥವಾ 62 ವಯಸ್ಸು, ಯಾವುದು ಮೊದಲೋ ಅದು. ಅವರ ಕೆಳಗೆ ಏಳು ಕಮಾಂಡ್‌ಗಳು, ಅಂದರೆ ಸೇನೆಯ ದೊಡ್ಡ ವಿಭಾಗಗಳು. ನಮ್ಮ ಕರ್ನಾಟಕ ಪುಣೆಯ ದಕ್ಷಿಣ ಕಮಾಂಡ್‌ಗೆ ಸೇರಿದ್ದು. 2020ರ ಜನವರಿಯಿಂದ ಮೂರೂ ಪಡೆಗಳ ನಡುವೆ ಹೊಂದಾಣಿಕೆಗೆ ಬೇರೊಂದು ಹುದ್ದೆ ಇದೆ. ಅದರಲ್ಲಿ ಮೊದಲು ಕೂತವರು ಜನರಲ್ ಬಿಪಿನ್ ರಾವತ್. ಇನ್ನು ನಮ್ಮ ಕದಂಬ ನೆಲೆ ನೌಕಾಪಡೆಯದು. ಅವರ ಮುಖ್ಯಸ್ಥರು ಅಡ್ಮಿರಲ್, ಬೇರೆ. ಮಕ್ಕಳೇ, ದಯವಿಟ್ಟು ಎರಡನ್ನೂ ಕಲೆಸಬೇಡಿ.

ಕೊನೆಗೆ ನಮ್ಮೂರಿನ ಮಾತು. 1948ರ ಏಪ್ರಿಲ್‌ನಲ್ಲಿ ಚೆಂಡಿಯಾದ ರಾಮ ರಾಘೋಬ ರಾಣೆಯವರು ನೌಶೇರಾದಿಂದ ರಾಜೌರಿಯ ದಾರಿಯಲ್ಲಿ, ಮೈಗೆ ಗಾಯವಾಗಿದ್ದರೂ ಬಿಡದೆ, ನೆಲಬಾಂಬ್ ತೆಗೆದು ಟ್ಯಾಂಕ್‌ಗಳಿಗೆ ಹಾದಿ ಮಾಡಿಕೊಟ್ಟರು. ಪರಮವೀರ ಚಕ್ರ ಬಂತು. ಆಗ ಆ ಭಾಗದ ಸೇನೆಯ ಹೊಣೆ ಇದೇ ಕಾರ್ಯಪ್ಪನವರದು. ರಾಣೆಯವರ ಪ್ರತಿಮೆ ನಮ್ಮ ಟಾಗೋರ್ ಕಡಲತೀರದಲ್ಲಿದೆ. ಇವತ್ತು ಸಂಜೆ ಮಕ್ಕಳನ್ನು ಕರೆದುಕೊಂಡು ಬನ್ನಿ. ಐದು ಗಂಟೆಗೆ ನಾನು ಅಲ್ಲೇ ಇರುತ್ತೇನೆ. ಏನು ಬೇಕಾದರೂ ಕೇಳಿ.

ನಮಸ್ಕಾರ.