ಸಣ್ಣ ಊರಿನಲ್ಲಿ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರನ್ನು ಹುಡುಕುವ ಬಗೆ

ಮಾನ್ಯರೇ,

ಮನೆಯಲ್ಲಿ ಒಬ್ಬರಿಗೆ ಮಾನಸಿಕ ಕಾಯಿಲೆ ಕಾಣಿಸಿಕೊಂಡಾಗ ತಾಲ್ಲೂಕು ಮಟ್ಟದ ಊರುಗಳ ಜನ ಮನೋವೈದ್ಯರನ್ನೇನೋ ವಿಚಾರಿಸುತ್ತಾರೆ. ಆದರೆ ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ರೋಗಿ ತಿಂಗಳುಗಟ್ಟಲೆ ಬಿಡದೆ ನುಂಗುವಂತೆ ನೋಡಿಕೊಳ್ಳುವುದು, ಆರೈಕೆ ಮಾಡಿ ಬಸವಳಿದ ಮನೆಯವರೊಡನೆ ಕುಳಿತು ಮಾತನಾಡುವುದು, ಅಂಗವೈಕಲ್ಯ ಪ್ರಮಾಣಪತ್ರಕ್ಕೂ ಮಾಸಾಶನಕ್ಕೂ ದಾರಿ ತೋರಿಸುವುದು, ಇವೆಲ್ಲ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರ ಕೆಲಸ. ಅವರನ್ನು ಹುಡುಕಿಕೊಂಡು ಹೋಗುವವರು ಮಾತ್ರ ಕಡಿಮೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇವರ ಅರ್ಹತೆಯನ್ನು ಖಚಿತವಾಗಿ ಹೇಳಿದೆ. ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದ ಮೇಲೆ, ಹಿರಿಯರ ಮೇಲ್ವಿಚಾರಣೆಯಲ್ಲಿ ಚಿಕಿತ್ಸಾ ತರಬೇತಿಯನ್ನೂ ಒಳಗೊಂಡ ಮನೋವೈದ್ಯಕೀಯ ಸಮಾಜಕಾರ್ಯದಲ್ಲಿ 2 ವರ್ಷಗಳ ಪೂರ್ಣಾವಧಿ ಎಂ.ಫಿಲ್. ಮುಗಿಸಿರಬೇಕು, ನೋಂದಣಿ ಮಾಡುವುದು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರ. ಬರಿಯ ಎಂ.ಎಸ್.ಡಬ್ಲ್ಯೂ., ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿಯೊಂದೇ, ಇದಕ್ಕೆ ಸಾಲದು, ಆಪ್ತಸಮಾಲೋಚನೆಯ ಫಲಕ ಹಾಕಿದವರೆಲ್ಲರಿಗೂ ಈ ತರಬೇತಿ ಆಗಿರುವುದಿಲ್ಲ. ಎಲ್ಲಿ ಓದಿದಿರಿ, ನೋಂದಣಿ ಇದೆಯೇ ಎಂದು ಕೇಳಲು ನಮ್ಮವರು ಸಂಕೋಚಪಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಆ ಸಂಕೋಚ ಅನಗತ್ಯ.

ಇಂಥವರ ಖಾಸಗಿ ಚಿಕಿತ್ಸಾಲಯ ಸಣ್ಣ ಊರಿನಲ್ಲಿ ಸಿಗುವುದು ಅಪರೂಪವಾದ್ದರಿಂದ ಸರ್ಕಾರಿ ವ್ಯವಸ್ಥೆಯಿಂದಲೇ ಹುಡುಕಾಟ ಆರಂಭಿಸುವುದು ಒಳ್ಳೆಯದು. ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗವನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಜಾರಿಗೆ ಬಂದಿತು ಎಂಬುದು ನಮ್ಮ ನಾಡಿಗೆ ಹೆಮ್ಮೆಯ ಸಂಗತಿ. ಅದರ ತಂಡದಲ್ಲಿ ಸಮಾಜ ಕಾರ್ಯಕರ್ತರ ಹುದ್ದೆಯೂ ಇದೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗದಲ್ಲಿ ವಿಚಾರಿಸಿದರೆ, ಆ ತಂಡ ನಿಮ್ಮ ತಾಲ್ಲೂಕಿಗೆ ಯಾವ ದಿನ ಬರುತ್ತದೆಂಬುದು ತಿಳಿಯುತ್ತದೆ. ‘ಮನೋಚೈತನ್ಯ’ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳ ಶಿಬಿರಕ್ಕೆ ಮಂಗಳವಾರವನ್ನು ಗೊತ್ತುಮಾಡಲಾಗಿತ್ತು. ಅಲ್ಲಿಯವರೆಗೆ ಹೋಗಲಾಗದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲಿರುಳೆನ್ನದೆ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಇಷ್ಟಾದರೂ ಹಲವರು ಹೋಗುವುದಿಲ್ಲ. ಆಸ್ಪತ್ರೆಯ ಸರದಿಯಲ್ಲಿ ಪಕ್ಕದ ಬೀದಿಯವರು ಕಂಡಾರು, ಚೀಟಿ ಬರೆಯುವವರು ಬೀಗರ ಪೈಕಿಯವರಾಗಿದ್ದಾರು, ಮಗಳ ಸಂಬಂಧ ತಪ್ಪೀತು ಎಂಬ ಅಂಜಿಕೆ ಸುಳ್ಳಲ್ಲ. ಊರು ಚಿಕ್ಕದಾದಷ್ಟೂ ಅದು ದೊಡ್ಡದು. ಅದೇ ಕಾಯ್ದೆಯ 23ನೆಯ ಕಲಂ ರೋಗಿಯ ಮಾಹಿತಿ ಗೋಪ್ಯವಾಗಿರಬೇಕೆಂದು ವಿಧಿಸಿದೆ. ಕಾನೂನು ಸರದಿಯ ಸಾಲನ್ನು ಮರೆಮಾಡಲಾರದು, ನಿಜ. ಆದ್ದರಿಂದ ಮೊದಲ ಭೇಟಿಯಲ್ಲೇ ಕೆಲವು ಮಾತುಗಳನ್ನು ಇತ್ಯರ್ಥ ಮಾಡಿಕೊಳ್ಳಬೇಕು: ನಮ್ಮ ವಿಷಯ ಯಾರ್ಯಾರಿಗೆ ತಿಳಿಯುತ್ತದೆ, ಆಶಾ ಕಾರ್ಯಕರ್ತೆಗೂ ಹೇಳುತ್ತೀರಾ, ಮನೆಗೆ ಬರುವ ಬದಲು ದೂರವಾಣಿಯಲ್ಲಿ ವಿಚಾರಿಸಲು ಸಾಧ್ಯವೇ? ಪರಿಚಯದವರೇ ಎದುರಿಗೆ ಕುಳಿತಿದ್ದರೆ ನೆರೆಯ ತಾಲ್ಲೂಕಿನ ಶಿಬಿರಕ್ಕೆ ಕಳಿಸಿಕೊಡುವಂತೆ ಕೇಳಿದರೂ ತಪ್ಪಿಲ್ಲ.

ಇನ್ನೊಂದು ವಿಷಯವಿದೆ. ಈ ಹುದ್ದೆಗಳಲ್ಲಿ ಹಲವು ಗುತ್ತಿಗೆಯವು. ಇಂದು ನಂಬಿಕೆಯಿಂದ ಮಾತನಾಡಿದವರು ಮುಂದಿನ ವರ್ಷ ಅಲ್ಲಿ ಇರಲಿಕ್ಕಿಲ್ಲ. ಹಾಗಾಗಿ ಔಷಧಿ ಚೀಟಿ, ಭೇಟಿಯ ಟಿಪ್ಪಣಿ, ಪ್ರಮಾಣಪತ್ರದ ಅರ್ಜಿಯ ಪ್ರತಿ ಇವನ್ನೆಲ್ಲ ಒಂದೇ ಕಡತದಲ್ಲಿ ಮನೆಯಲ್ಲೇ ಇಟ್ಟುಕೊಂಡರೆ, ಬದಲಿಯಾಗಿ ಬಂದವರ ಮುಂದೆ ಇಡೀ ಕತೆಯನ್ನು ಮೊದಲಿನಿಂದ ಹೇಳುವ ಪ್ರಯಾಸ ರೋಗಿಗೆ ತಪ್ಪುತ್ತದೆ.