ಪ್ರಾಣಿಯ ಕಾಲು ಹಿಡಿಯೋ ಬೋನಿಗೆ ಸಂದಿ ಯಾಕೆ?

(ಪರದೆ ಮೇಲೆ: ಮುಚ್ಚಿಕೊಂಡಿರೋ ಕಬ್ಬಿಣದ ಬೋನು. ಎರಡು ದವಡೆಗಳ ನಡುವೆ ಬೆಳಕು ಕಾಣುತ್ತೆ.)

ಈ ಸಂದಿ ನೋಡಿ. ಬೋನು ಪೂರ್ತಿ ಮುಚ್ಚಿದೆ, ಆದರೂ ದವಡೆ ಒಂದಕ್ಕೊಂದು ತಾಗಿಲ್ಲ. ಸುಮಾರು 6 ಮಿಲಿಮೀಟರ್ ಅಂತರ. ಸವೆದು ಆಗಿದ್ದಲ್ಲ, ಬೇಕಂತಲೇ ಬಿಟ್ಟಿದ್ದು. ಯಾಕೆ?

ಅಮೆರಿಕ, ಕೆನಡಾದಲ್ಲಿ ಕಯೋಟಿ (ತೋಳದ ಜಾತಿಯ ಚಿಕ್ಕ ಪ್ರಾಣಿ) ಮತ್ತು ಕೆಂಪು ನರಿ ಹಿಡಿಯೋ ಬೋನು ಇದು. ಕುರಿ ಸಾಕೋರು, ತುಪ್ಪಳದ ವ್ಯಾಪಾರಕ್ಕೆ ಹಿಡಿಯೋರು, ಸಂಶೋಧಕರು, ಎಲ್ಲರೂ ಬಳಸ್ತಾರೆ. ನಡುವಿನ ತಟ್ಟೆ ತುಳಿದರೆ ಸ್ಪ್ರಿಂಗ್ ಎದ್ದು ದವಡೆ ಮುಚ್ಚುತ್ತೆ, ಅಷ್ಟೇ. ಕಾರ್ಟೂನಿನ ಗರಗಸದ ಹಲ್ಲು ಇದಕ್ಕಿಲ್ಲ.

ಸಂದಿಗೆ ಬರೋಣ. ದವಡೆ ಬಿಗಿಯಾಗಿ ಕೂತರೆ ಪಾದಕ್ಕೆ ರಕ್ತ ಹೋಗಲ್ಲ, ಜೋಮು ಹಿಡಿಯುತ್ತೆ. ಜೋಮು ಹಿಡಿದ ಪಾದವನ್ನ ಪ್ರಾಣಿ ತಾನೇ ಕಚ್ಚಿಕೊಳ್ಳುತ್ತೆ. ಸಂದಿ ಇದ್ದರೆ ಆ ಒತ್ತಡ ಕಮ್ಮಿ. ನನಗೆ ತುಂಬಾ ಹಿಡಿಸಿದ್ದು ಇದರ ಇನ್ನೊಂದು ಲಾಭ: ಪಾದ ಒಳಗಿದ್ದಾಗಲೂ ಸ್ಪ್ರಿಂಗಿನ ಕೈಗಳು ದವಡೆ ಮೇಲೆ ಇನ್ನಷ್ಟು ಎತ್ತರಕ್ಕೆ ಏರಿ ಕೂರ್ತವೆ, ಹಾಗಾಗಿ ಹಿಡಿತ ಸುಲಭಕ್ಕೆ ಬಿಡಲ್ಲ. ನೋವೂ ಕಮ್ಮಿ, ಪ್ರಾಣಿ ತಪ್ಪಿಸಿಕೊಳ್ಳೋದೂ ಕಮ್ಮಿ! ದವಡೆಯ ಅಂಚಿಗೆ ಕಬ್ಬಿಣದ ಸರಳು ಬೆಸುಗೆ ಹಾಕಿ ದಪ್ಪ ಮಾಡೋದೂ ಇದಕ್ಕೇ. ಅಂಚು ಅಗಲ ಆದಷ್ಟೂ ಚರ್ಮ ಕೊಯ್ಯೋದು ತಪ್ಪುತ್ತೆ.

ಆದರೆ ಗಾಯ ಬರೀ ದವಡೆಯಿಂದ ಆಗಲ್ಲ, ತಿರುಚಿದಾಗಲೂ ಆಗುತ್ತೆ. ಗೂಟಕ್ಕೆ ಕಟ್ಟಿದ ಹಸು ಸುತ್ತಿ ಸುತ್ತಿ ಹಗ್ಗ ಗಿಡ್ಡ ಮಾಡಿಕೊಂಡು ಕತ್ತು ತಿರುಚಿ ನಿಲ್ಲುತ್ತಲ್ಲ, ಬೋನಿನ ಸರಪಳಿಯಲ್ಲೂ ಹಾಗೇ ಆಗುತ್ತೆ. ಅದಕ್ಕೆ ತಿರುಗೋ ಕೊಂಡಿ, ಸ್ವಿವೆಲ್, ಹಾಕ್ತಾರೆ. ಒಂದು ಸಾಲದು, ಮಣ್ಣು ಹೊಕ್ಕು ಒಂದು ಸಿಕ್ಕಿಕೊಂಡರೆ ಇನ್ನೊಂದು ತಿರುಗಬೇಕು. ಸರಪಳಿಯನ್ನ ಬೋನಿನ ಪಕ್ಕಕ್ಕಲ್ಲ, ತಳದ ಮಧ್ಯಕ್ಕೆ ಕಟ್ಟಬೇಕು, ಆಗ ಎಳೆತ ನೇರ ಬರುತ್ತೆ. ಹೊಸ ಬೋನು ಕೊಳ್ಳೋಕೆ ಮುಂಚೆ ಈ ಕೊಂಡಿಗಳಿಗೆ ದುಡ್ಡು ಹಾಕಬೇಕು ಅನ್ನೋದು ನನ್ನ ಖಚಿತ ಅಭಿಪ್ರಾಯ.

ಉಳಿದದ್ದು ಬೇಗ ಹೇಳ್ತೀನಿ. ಬೋನು ತೆರೆದಾಗ ದವಡೆಗಳ ನಡುವಿನ ಅಗಲ ನರಿಗೆ ಸುಮಾರು ಐದು ಇಂಚು, ಕಯೋಟಿಗೆ ಐದೂಕಾಲರಿಂದ ಆರು. ಕಯೋಟಿಗೆ ಇಟ್ಟ ಬೋನಿನ ತಟ್ಟೆ ಸುಮಾರು ಎರಡು ಪೌಂಡ್, ಅಂದ್ರೆ 900 ಗ್ರಾಂ ಭಾರಕ್ಕೇ ಬೀಳೋ ಹಾಗೆ ಬಿಗಿ ಮಾಡಿದರೆ ಅಳಿಲು, ಮೊಲ ತುಳಿದರೂ ಬೀಳಲ್ಲ. ಸರಪಳಿ ನಡುವೆ ಸ್ಪ್ರಿಂಗ್ ಇದ್ದರೆ ಜಗ್ಗಿದಾಗ ಕಾಲಿಗೆ ಪೆಟ್ಟು ಕಮ್ಮಿ. ರಬ್ಬರ್ ದವಡೆಯವೂ ಇವೆ. ನಾರ್ತ್ ಕೆರೊಲಿನಾದಲ್ಲಿ ಅಳಿವಿನಂಚಿನ ಕೆಂಪು ತೋಳಗಳಿಗೆ ರೇಡಿಯೊ ಕಾಲರ್ ಹಾಕೋಕೆ ಅಂಥದ್ದರಲ್ಲೇ ಹಿಡೀತಾರೆ.

ಇಷ್ಟೆಲ್ಲ ಸುಧಾರಿಸಿದರೂ ಬೇಡ ಅಂದವರಿದ್ದಾರೆ. ಕ್ಯಾಲಿಫೋರ್ನಿಯಾದ ಜನ 1998ರಲ್ಲಿ ಮತ ಹಾಕಿ ಉಕ್ಕಿನ ದವಡೆ ನಿಷೇಧಿಸಿದರು, ಯುರೋಪಿಯನ್ ಒಕ್ಕೂಟದಲ್ಲಿ 1995ರಿಂದ ಬಳಕೆ ಇಲ್ಲ.

ನಮ್ಮಲ್ಲಿ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೋನು, ಉರುಳು ಹಾಕಿ ಹಿಡಿಯೋದೂ ಬೇಟೆಯೇ, ಅಪರಾಧವೇ. ತೋಟದ ಬೇಲಿ ಹತ್ತಿರ ಇಂಥದ್ದು ಕಂಡರೆ ಕೈ ಹಾಕಬೇಡಿ, ಅರಣ್ಯ ಇಲಾಖೆಗೆ ಫೋನ್ ಮಾಡಿ.