ಕಾಕಿನಾಡದ ಗಾಳಿ, ಕಲಬುರಗಿಯ ಗೋಡೆ: ಮನೆ ವಿಮೆಯ ಖರ್ಚಿನ ಲೆಕ್ಕ

ಕೇಳುಗರೆಲ್ಲರಿಗೂ ಶರಣು ಶರಣಾರ್ಥಿ.

ಚಂಡಮಾರುತ ಎಂದರೆ ಅದು ಕರಾವಳಿಯವರ ಕಷ್ಟ, ಬಯಲುಸೀಮೆಯ ನಮಗೇನು ಎಂಬ ಮಾತು ಕಲಬುರಗಿಯಲ್ಲಿ ಇನ್ನೂ ಕೇಳಿಬರುತ್ತದೆ. 2020ರ ಅಕ್ಟೋಬರ್ ನೆನಪು ಮಾಡಿಕೊಳ್ಳಿ. ಬಂಗಾಳ ಕೊಲ್ಲಿಯಲ್ಲಿ ಎದ್ದ ವಾಯುಭಾರ ಕುಸಿತ 13ರಂದು ಕಾಕಿನಾಡದ ಬಳಿ ದಡ ಹತ್ತಿ, ತೆಲಂಗಾಣ ದಾಟಿ, ನಮ್ಮ ಮೇಲೇ ಹಾದು ಪಶ್ಚಿಮಕ್ಕೆ ಹೋಯಿತು. ಮಳಖೇಡದಲ್ಲಿ ಕಾಗಿಣಾ ನದಿ ಸೇತುವೆಯ ಮೇಲೆ ಹರಿಯಿತು. ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಬಿಟ್ಟ ನೀರು ಸೊನ್ನ ಬ್ಯಾರೇಜಿಗೆ ಬಂದು, ಅಫಜಲಪುರ, ಜೇವರ್ಗಿ, ಚಿತ್ತಾಪುರದ ಊರುಗಳಲ್ಲಿ ಭೀಮೆ ಮನೆಯೊಳಗೆ ನುಗ್ಗಿದಳು. 2025ರ ಸೆಪ್ಟೆಂಬರ್ ಕೊನೆಯಲ್ಲಿ ಮತ್ತೆ ಅದೇ ಭೀಮೆ, ಅದೇ ಊರುಗಳು.

ಅಂದರೆ ಸಮುದ್ರದ ತುಫಾನು ನಮ್ಮಲ್ಲಿಗೆ ಬರುವಾಗ ಗಾಳಿಯ ಬಲ ಕಳೆದುಕೊಂಡು ನೀರಾಗಿ ಬರುತ್ತದೆ. ಗಾಳಿಯ ವೇಗ ಗಂಟೆಗೆ 62 ಕಿಲೋಮೀಟರ್ ಮುಟ್ಟದಿದ್ದರೆ ಹವಾಮಾನ ಇಲಾಖೆ ಅದನ್ನು ಚಂಡಮಾರುತ ಎಂದು ಕರೆಯುವುದೂ ಇಲ್ಲ. ಇದರಿಂದ ವಿಮೆ ತಪ್ಪುತ್ತದೆಯೇ ಎಂದು ಕೆಲವರಿಗೆ ಅಂಜಿಕೆ. ತಪ್ಪುವುದಿಲ್ಲ. ಮನೆ ವಿಮೆಯ ಪಾಲಿಸಿಯಲ್ಲಿ ಬಿರುಗಾಳಿ, ಚಂಡಮಾರುತ, ನೆರೆ, ಜಲಾವೃತ ಇವೆಲ್ಲ ಒಟ್ಟಿಗೇ ಬರುತ್ತವೆ. ನಾವು ಕಣ್ಣಿಟ್ಟು ಓದಬೇಕಾದದ್ದು ನೆರೆ ಮತ್ತು ಜಲಾವೃತ ಎಂಬ ಎರಡನ್ನು.

ನಮ್ಮ ರೈತರಿಗೆ ವಿಮೆ ಹೊಸದಲ್ಲ. ತೊಗರಿಗೆ ಬೆಳೆವಿಮೆ ತುಂಬುವುದು, ಹೊಲ ಹಾಳಾದರೆ 72 ಗಂಟೆಯೊಳಗೆ ತಿಳಿಸುವುದು ಊರೂರಿಗೆ ಗೊತ್ತು. ಮುಂಗಾರಿ ಬೆಳೆಗೆ ರೈತ ಕೊಡುವುದು ವಿಮಾ ಮೊತ್ತದ, ಅಂದರೆ ಹೆಚ್ಚೆಂದರೆ ಸಿಗಬಹುದಾದ ಪರಿಹಾರದ, ನೂರಕ್ಕೆ ಎರಡು, ಉಳಿದದ್ದು ಸರ್ಕಾರಗಳ ಪಾಲು. ಆದರೆ ಹೊಲಕ್ಕೆ ವಿಮೆ ಮಾಡಿಸಿದ ರೈತನ ಮನೆಗೆ ವಿಮೆ ಇರುವುದಿಲ್ಲ. ಕೇಳಿದರೆ, ಅದು ದೊಡ್ಡವರ ಕೆಲಸ, ಬಹಳ ಖರ್ಚು ಎನ್ನುತ್ತಾರೆ. ಈ ಖರ್ಚಿನ ಮಾತನ್ನೇ ಇವತ್ತು ಬಿಡಿಸಿ ಹೇಳಬೇಕೆಂದು ನಾನು ಬಂದದ್ದು.

2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರ 'ಭಾರತ್ ಗೃಹ ರಕ್ಷಾ' ಎಂಬ ಒಂದೇ ಮಾದರಿಯ ಪಾಲಿಸಿಯನ್ನು ಜಾರಿಗೆ ತಂದಿದೆ. ಬೆಂಕಿ ವಿಮೆ ಮಾಡುವ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಇದನ್ನು ಕೊಡಲೇಬೇಕು. ಷರತ್ತು ಎಲ್ಲರದೂ ಒಂದೇ, ದರ ಮಾತ್ರ ಬೇರೆ ಬೇರೆ. ಹಾಗಾಗಿ ಎರಡು ಮೂರು ಕಂಪನಿಗಳ ದರ ಕೇಳಿ ಹೋಲಿಸುವುದು ನಿಜವಾಗಿಯೂ ಉಪಯೋಗದ ಕೆಲಸ. ಬೆಂಕಿ, ಸಿಡಿಲು, ನೆರೆ, ಬಿರುಗಾಳಿಯ ಜೊತೆಗೆ ಭೂಕಂಪವೂ ಇದರಲ್ಲಿದೆ. 1993ರ ಕಿಲ್ಲಾರಿ ಭೂಕಂಪವನ್ನು ಕಂಡವರಿಗೆ, 2021ರಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ರಾತ್ರಿಯೆಲ್ಲ ಮನೆಯ ಹೊರಗೆ ಮಲಗಿದವರಿಗೆ ಇದರ ಬೆಲೆ ನಾನು ಹೇಳಬೇಕಿಲ್ಲ.

ಇನ್ನು ಪ್ರೀಮಿಯಂ, ಅಂದರೆ ವಿಮೆಗೆ ನಾವು ಕಟ್ಟುವ ಹಣ. ಇದು ನಿಂತಿರುವುದು ವಿಮಾ ಮೊತ್ತದ ಮೇಲೆ, ಮತ್ತು ಹೆಚ್ಚಿನವರು ಎಡವುವುದು ಇಲ್ಲಿಯೇ. ಸೇಡಂ ರಸ್ತೆಯಲ್ಲೋ ಜೇವರ್ಗಿ ರಸ್ತೆಯಲ್ಲೋ ಹೊಸ ಲೇಔಟಿನಲ್ಲಿ ನಿಮ್ಮ ಮನೆ ಇದೆ ಎಂದುಕೊಳ್ಳಿ. ಮಾರಿದರೆ 50 ಲಕ್ಷ ಬರುತ್ತದೆ. ಅದರಲ್ಲಿ 30 ಲಕ್ಷ ಪ್ಲಾಟಿನ ಬೆಲೆ. ನೆರೆ ಬಂದರೆ ಪ್ಲಾಟು ಎಲ್ಲಿಗೂ ಹೋಗುವುದಿಲ್ಲ, ಹೋಗುವುದು ಕಟ್ಟಡ. ಆದ್ದರಿಂದ ವಿಮೆ ಬೇಕಿರುವುದು ಕಟ್ಟಡಕ್ಕೆ, ಅದೂ ಇವತ್ತಿನ ದರದಲ್ಲಿ ಮತ್ತೆ ಕಟ್ಟಲು ಬೇಕಾಗುವ ಹಣಕ್ಕೆ. ಒಳಗಿನ ಅಳತೆ, ಅಂದರೆ ಕಾರ್ಪೆಟ್ ಏರಿಯಾ 1,000 ಚದರಡಿ, ನಿಮ್ಮ ಗೌಂಡಿಯೋ ಎಂಜಿನಿಯರೋ ಚದರಡಿಗೆ 2,000 ರೂಪಾಯಿ ಹೇಳಿದರೆ, ವಿಮಾ ಮೊತ್ತ 20 ಲಕ್ಷ. 50 ಲಕ್ಷಕ್ಕೆ ವಿಮೆ ಮಾಡಿಸಿದವರು ಪ್ರತಿ ವರ್ಷ ಪ್ಲಾಟಿನ 30 ಲಕ್ಷಕ್ಕೂ ಪ್ರೀಮಿಯಂ ಸುಮ್ಮನೆ ಕಟ್ಟುತ್ತಾರೆ. ಆ ಭಾಗಕ್ಕೆ ಅವರಿಗೆ ಎಂದೂ ಪರಿಹಾರ ಸಿಗುವುದಿಲ್ಲ.

ಕಂಪನಿಗಳು ದರ ಹೇಳುವುದು ವಿಮಾ ಮೊತ್ತದ ಸಾವಿರಕ್ಕೆ ಇಷ್ಟು ಎಂದು. ಪಕ್ಕಾ ಕಟ್ಟಡದ ವಾಸದ ಮನೆಗೆ ಅದು ಸಾಮಾನ್ಯವಾಗಿ ಸಾವಿರಕ್ಕೆ ಒಂದು ರೂಪಾಯಿಯೂ ಆಗುವುದಿಲ್ಲ. ಒಂದೇ ರೂಪಾಯಿ ಎಂದು ಹಿಡಿದರೂ 20 ಲಕ್ಷದ ಕಟ್ಟಡಕ್ಕೆ ವರ್ಷಕ್ಕೆ 2,000, ಅದರ ಮೇಲೆ ನೂರಕ್ಕೆ 18 ಜಿಎಸ್‌ಟಿ. ನಾಲ್ಕು ಜನರ ಮನೆಯಲ್ಲಿ ಮೊಬೈಲ್ ರೀಚಾರ್ಜಿಗೆ ವರ್ಷಕ್ಕೆ ಹೋಗುವುದು ಇದಕ್ಕಿಂತ ಬಹಳ ಹೆಚ್ಚು. ಕಟ್ಟಡದ ಜೊತೆಗೆ ಮನೆಯೊಳಗಿನ ಸಾಮಾನಿಗೂ ವಿಮಾ ಮೊತ್ತದ ನೂರಕ್ಕೆ 20ರಷ್ಟು, ಗರಿಷ್ಠ 10 ಲಕ್ಷದವರೆಗೆ ರಕ್ಷಣೆ ತಾನಾಗಿಯೇ ಸೇರಿರುತ್ತದೆ. ನಮ್ಮ ಉದಾಹರಣೆಯಲ್ಲಿ ಅದು 4 ಲಕ್ಷ. ಫ್ರಿಜ್ಜು, ಟಿವಿ, ಅಲಮಾರಿ, ಹಾಸಿಗೆ ಎಲ್ಲ ಇದರಲ್ಲಿ ಬಂತು. ಬಂಗಾರಕ್ಕೆ ಮಾತ್ರ ಬೇರೆಯಾಗಿ ಬೆಲೆ ನಮೂದಿಸಿ ಹೆಚ್ಚುವರಿ ರಕ್ಷಣೆ ತೆಗೆದುಕೊಳ್ಳಬೇಕು. ಬಾಡಿಗೆ ಮನೆಯಲ್ಲಿರುವವರು ಸಾಮಾನಿಗಷ್ಟೇ ಪಾಲಿಸಿ ಮಾಡಿಸಬಹುದು.

ಒಂದು ವರ್ಷಕ್ಕಿಂತ ಹೆಚ್ಚಿನ, ಹತ್ತು ವರ್ಷದವರೆಗಿನ ಪಾಲಿಸಿಯೂ ಉಂಟು. ಸಾಧ್ಯವಿದ್ದವರು ಅದನ್ನೇ ತೆಗೆದುಕೊಳ್ಳಿ ಎನ್ನುತ್ತೇನೆ. ಅದರಲ್ಲಿ ವಿಮಾ ಮೊತ್ತ ಪ್ರತಿ ವರ್ಷ ನೂರಕ್ಕೆ ಹತ್ತರಂತೆ ಹೆಚ್ಚುತ್ತ, ಹೆಚ್ಚೆಂದರೆ ಇಮ್ಮಡಿಯಾಗುತ್ತದೆ. ಅದಕ್ಕೆ ಬೇರೆ ಹಣವಿಲ್ಲ. ಸಿಮೆಂಟು, ಕಬ್ಬಿಣ, ಉಸುಕಿನ ದರ ಏರುತ್ತಿರುವಾಗ ಇದು ಸಣ್ಣ ಮಾತಲ್ಲ.

ಮನೆ ಸಾಲ ತೆಗೆದವರಿಗೆ ಒಂದು ಮಾತು. ಬ್ಯಾಂಕಿನಲ್ಲಿ ವಿಮೆ ಮಾಡಿಸಿದ್ದಾರೆ, ನಮಗೆ ಚಿಂತೆ ಇಲ್ಲ ಎನ್ನುವವರು ಆ ಕಾಗದವನ್ನು ಒಮ್ಮೆ ತೆಗೆದು ಓದಬೇಕು. ಎಷ್ಟೋ ಸಲ ಅದು ಸಾಲಗಾರನ ಜೀವವಿಮೆ ಆಗಿರುತ್ತದೆ. ಅವರು ತೀರಿಕೊಂಡರೆ ಸಾಲ ತೀರುತ್ತದೆ, ಗೋಡೆ ಬಿದ್ದರೆ ಒಂದು ಪೈಸೆ ಬರುವುದಿಲ್ಲ. ಕಟ್ಟಡದ ವಿಮೆಯೇ ಆಗಿದ್ದರೂ ಕೆಲವೊಮ್ಮೆ ಅದು ಸಾಲದ ಮೊತ್ತಕ್ಕಷ್ಟೇ ಇರುತ್ತದೆ. ಬ್ಯಾಂಕಿನವರು ತೋರಿಸಿದ ಕಂಪನಿಯಲ್ಲೇ ಮಾಡಿಸಬೇಕೆಂಬ ಕಟ್ಟುಪಾಡೂ ಇಲ್ಲ.

ಈಗ ನಮ್ಮ ನೆಲದ ಮಾತಿಗೆ ಬರೋಣ. ಕಲಬುರಗಿ ಸುತ್ತಲಿನ ಲೇಔಟುಗಳಲ್ಲಿ ಬಹುಪಾಲು ನಿನ್ನೆ ಮೊನ್ನೆಯವರೆಗೆ ಎರೆಹೊಲ. ಕರಿಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ, ಅದರೊಂದಿಗೆ ಗೋಡೆಯೂ ಬಿರಿಯುತ್ತದೆ. ಈ ಬಿರುಕಿಗೆ ಪಾಲಿಸಿ ಹಣ ಕೊಡುವುದಿಲ್ಲ. ಹೊಸ ಕಟ್ಟಡ ಕೂರುವಾಗ ಬರುವ ಬಿರುಕು, ಹಾಕಿ ತುಂಬಿದ ಮಣ್ಣು ಕುಸಿದು ಆಗುವ ಹಾನಿ, ಕಟ್ಟುವಾಗಿನ ದೋಷ, ವರ್ಷಗಳ ಸವಕಳಿ ಇವೆಲ್ಲ ಹೊರಗೆ. ಇಲ್ಲಿ ವಿಮೆ ಕೆಲಸಕ್ಕೆ ಬಾರದು, ಬುನಾದಿಯೇ ಬರಬೇಕು. ಮುರುಮಿನ ಗಟ್ಟಿ ಪದರ ಸಿಗುವವರೆಗೆ ಅಗೆಸಿ, ಮೇಲೆ ಪ್ಲಿಂತ್ ಬೀಮ್ ಹಾಕಿಸಲು ಆಗುವ ಖರ್ಚನ್ನು ಉಳಿಸಲು ಹೋಗಬೇಡಿ. ಪ್ಲಾಟು ಕೊಳ್ಳುವ ಮುಂಚೆ ಆ ಊರಿನ ಹಿರಿಯರೊಬ್ಬರನ್ನು ಕೇಳಿ, ಇಲ್ಲಿ ಹಳ್ಳ ಎಲ್ಲಿ ಹರಿಯುತ್ತಿತ್ತು ಎಂದು. ನಕ್ಷೆಯಲ್ಲಿ ಅಳಿಸಿಹೋದ ಹಳ್ಳ ಸೆಪ್ಟೆಂಬರ್ ಮಳೆಯಲ್ಲಿ ತನ್ನ ಹಾದಿ ಹುಡುಕಿಕೊಂಡು ಬರುತ್ತದೆ.

ಕಳ್ಳತನದ ಬಗ್ಗೆ ಚಿಕ್ಕದಾಗಿ ಹೇಳುವೆ: ನೆರೆಯಂಥ ಹಾನಿಯಾದ ಏಳು ದಿನದೊಳಗೆ, ಆ ಹಾನಿಯ ಕಾರಣದಿಂದ ನಡೆದ ಕಳವಿಗೆ ಮಾತ್ರ ಈ ಪಾಲಿಸಿ. ಮಾಮೂಲಿ ಕಳ್ಳತನಕ್ಕೆ ಬೇರೆ ವಿಮೆ ಬೇಕು.

ನನಗೆ ನಿಜವಾಗಿ ನೋವು ಕೊಡುವುದು ಹಳ್ಳಿಗಳ ಮಣ್ಣಿನ ಮಾಳಿಗೆ ಮನೆಗಳ ಸ್ಥಿತಿ. ನಾಲ್ಕು ದಿನ ಬಿಡದೆ ಜಿಟಿಜಿಟಿ ಮಳೆ ಹಿಡಿದರೆ ಮಾಳಿಗೆಯ ಮಣ್ಣು ನೀರು ಕುಡಿದು ಭಾರವಾಗಿ, ಮಲಗಿದವರ ಮೇಲೇ ಬೀಳುತ್ತದೆ. ಹುಲ್ಲು, ಗರಿ, ಬಿದಿರು, ತಾಡಪತ್ರಿಯ ಮನೆಗಳನ್ನು ಪಾಲಿಸಿ ಕಚ್ಚಾ ಎಂದು ಎಣಿಸುತ್ತದೆ, ಅವುಗಳಿಗೆ ದರ ಹೆಚ್ಚು. ಮಾಳಿಗೆ ಮನೆಯನ್ನು ಹೇಗೆ ಎಣಿಸುತ್ತೀರಿ ಎಂದು ಕಂಪನಿಯನ್ನೇ ಬರವಣಿಗೆಯಲ್ಲಿ ಕೇಳಿ. ಸರ್ಕಾರದ ಪರಿಹಾರ ಇದೆಯಲ್ಲ ಎಂದರೆ, ವಿಪತ್ತು ನಿಧಿಯ ಕೇಂದ್ರದ ಮಾನದಂಡದಂತೆ ಪೂರ್ತಿ ಬಿದ್ದ ಮನೆಗೆ ಬಯಲು ಪ್ರದೇಶದಲ್ಲಿ 1 ಲಕ್ಷ 20 ಸಾವಿರ, ಭಾಗಶಃ ಹಾನಿಯಾದ ಪಕ್ಕಾ ಮನೆಗೆ 6,500 ರೂಪಾಯಿ. ರಾಜ್ಯ ಸರ್ಕಾರ ಆಗಾಗ ಇದಕ್ಕೆ ಸೇರಿಸಿ ಕೊಟ್ಟಿದೆ, ಆದರೆ 6,500ರಲ್ಲಿ ಒಂದು ಗೋಡೆಯ ಗಿಲಾವು ಮುಗಿಯುವುದಿಲ್ಲ. ತೊಗರಿಯ ಪ್ರೀಮಿಯಂನಲ್ಲಿ ಸರ್ಕಾರ ಪಾಲು ಕೊಡುವಂತೆ ಭೀಮೆ, ಕಾಗಿಣಾ ದಂಡೆಯ ಬಡವರ ಮನೆಯ ಪ್ರೀಮಿಯಂನಲ್ಲೂ ಕೊಡಬೇಕು. ಗ್ರಾಮಸಭೆಯಲ್ಲಿ ಇದನ್ನು ಎತ್ತಿ ಕೇಳುವ ಹಕ್ಕು ನಮಗಿದೆ.

ಹಾನಿಯಾದ ದಿನ ಮಾಡಬೇಕಾದದ್ದು: ನೀರು ಇಳಿದ ಕೂಡಲೇ ಕೆಸರು ಬಳಿಯುವ ಮುಂಚೆ ಫೋಟೋ ತೆಗೆಯಿರಿ, ಗೋಡೆಯ ಮೇಲೆ ನೀರು ನಿಂತ ಗುರುತು ಕಾಣುವಂತೆ. ಅವತ್ತೇ ಕಂಪನಿಗೆ ತಿಳಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಕೆಟ್ಟ ಸಾಮಾನನ್ನು ಹಾನಿ ಅಳೆಯಲು ಬರುವ ಸರ್ವೇಯರ್ ನೋಡುವ ತನಕ ಎಸೆಯಬೇಡಿ. ಅವರ ವರದಿಯ ಪ್ರತಿ ಕೇಳಿ ಪಡೆಯಿರಿ. ಅವಶೇಷ ಸಾಗಿಸುವ ಖರ್ಚು ಕ್ಲೇಮಿನ, ಅಂದರೆ ನೀವು ಕೇಳುವ ಪರಿಹಾರದ, ನೂರಕ್ಕೆ ಎರಡರವರೆಗೆ, ಎಂಜಿನಿಯರ್ ಶುಲ್ಕ ನೂರಕ್ಕೆ ಐದರವರೆಗೆ ಪಾಲಿಸಿಯಲ್ಲೇ ಇದೆ. ನೀವು ಕೇಳದಿದ್ದರೆ ಅದು ಬಿಟ್ಟುಹೋಗಬಹುದು. ಕ್ಲೇಮ್ ತಿರಸ್ಕರಿಸಿದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. ತಿಂಗಳೊಳಗೆ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸರಿ ಎನಿಸದಿದ್ದರೆ, ಒಂದು ವರ್ಷದೊಳಗೆ ವಿಮೆಯ ದೂರುಗಳನ್ನು ವಿಚಾರಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಬರೆಯಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ನಿಯಂತ್ರಣ ಪ್ರಾಧಿಕಾರದ ದೂರವಾಣಿ 155255, ಮತ್ತೆ ಹೇಳುತ್ತೇನೆ, 155255. ಪಾಲಿಸಿಯ ಒಂದು ಪ್ರತಿಯನ್ನು ಊರು ಬಿಟ್ಟು ಬೇರೆ ಊರಿನಲ್ಲಿರುವ ನೆಂಟರೊಬ್ಬರ ಮೊಬೈಲಿಗೆ ಇವತ್ತೇ ಕಳಿಸಿಡಿ.